ಅರವತ್ತಮೂರನ್ನು ಯಾರು ಹೇಳಿಕೊಡಬೇಕು?

2019ರ ಜೂನ್ ತಿಂಗಳಲ್ಲಿ ಮಹಾರಾಷ್ಟ್ರದ ಶಾಲೆಗಳು ಬಾಗಿಲು ತೆರೆದಾಗ ಎರಡನೆಯ ತರಗತಿಯ ಗಣಿತ ಪುಸ್ತಕದ ಸುತ್ತ ದೊಡ್ಡ ಗದ್ದಲವೆದ್ದಿತು. ಪುಸ್ತಕ ಪುಣೆಯ ಬಾಲಭಾರತಿಯದು. 1967ರಿಂದ ಆ ರಾಜ್ಯದ ಶಾಲಾ ಪುಸ್ತಕಗಳನ್ನು ಸಿದ್ಧಪಡಿಸುತ್ತ ಬಂದಿರುವ ಸಂಸ್ಥೆ ಅದು. ಮರಾಠಿಯಲ್ಲಿ ಇಪ್ಪತ್ತೊಂದಕ್ಕೆ ‘ಏಕವೀಸ್’ ಎನ್ನುತ್ತಾರೆ, ಅರವತ್ತಮೂರಕ್ಕೆ ‘ತ್ರೇಸಷ್ಟ’. ಹೊಸ ಪುಸ್ತಕ ಇವುಗಳನ್ನು ‘ವೀಸ್ ಏಕ್’, ‘ಸಾಠ್ ತೀನ್’ ಎಂದು ಬಿಡಿಸಿ ಓದುವ ಕ್ರಮವನ್ನು ಮುಂದಿಟ್ಟಿತ್ತು. ಮರಾಠಿಯನ್ನು ಕೆಡಿಸುತ್ತಿದ್ದಾರೆ ಎಂಬ ಕೂಗು ಪತ್ರಿಕೆಗಳಿಂದ ಹಿಡಿದು ವಿಧಾನಸಭೆಯವರೆಗೂ ಹೋಯಿತು. ಪುಸ್ತಕದ ಗಣಿತ ಸಮಿತಿಯ ನೇತೃತ್ವ ವಹಿಸಿದ್ದವರು ಮಂಗಲಾ ನಾರ್ಳೀಕರ್. ಸಂಖ್ಯಾಸಿದ್ಧಾಂತದಲ್ಲಿ ಪಿಎಚ್.ಡಿ. ಪಡೆದು, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿ, ಕಾಲೇಜು ವಿದ್ಯಾರ್ಥಿಗಳಿಗೆ ಪಾಠ ಹೇಳಿ, ಗಣಿತದ ಸುಲಭ ದಾರಿಗಳ ಬಗ್ಗೆ ಮರಾಠಿಯಲ್ಲಿ ಪುಸ್ತಕ ಬರೆದವರು ಅವರು. 2023ರ ಜುಲೈಯಲ್ಲಿ ಪುಣೆಯಲ್ಲಿ ತೀರಿಕೊಂಡರು. ಹಳೆಯ ಹೆಸರುಗಳನ್ನು ನಾವು ಕಿತ್ತುಹಾಕಿಲ್ಲ, ಎಳೆಯ ಮಕ್ಕಳಿಗೆ ತೊಡಕಾಗುವ ಕಡೆ ಇನ್ನೊಂದು ದಾರಿ ಕೊಟ್ಟಿದ್ದೇವೆ ಎಂಬುದು ಅವರ ಸಮರ್ಥನೆಯಾಗಿತ್ತು. ಅದಕ್ಕೆ ಅವರು ತೋರಿಸಿದ ಸಾಕ್ಷ್ಯಗಳಲ್ಲಿ ಒಂದು ನಮ್ಮದು: ಕನ್ನಡ, ತೆಲುಗು, ತಮಿಳು, ಮಲಯಾಳಗಳಲ್ಲಿ ಹತ್ತು ಮೊದಲು ಬರುತ್ತದೆ, ಬಿಡಿ ಆಮೇಲೆ. ಗದ್ದಲವೆಲ್ಲ ಭಾಷೆಯ ಮಾನಾಪಮಾನದ ಸುತ್ತಲೇ ಸುತ್ತಿತು. ಅದರ ತಳದಲ್ಲಿದ್ದ ಪ್ರಶ್ನೆ ಮಾತ್ರ ನಮ್ಮ ದರ್ಶನಗಳಷ್ಟೇ ಹಳೆಯದು. ಮಗುವೊಂದು ಅರವತ್ತಮೂರನ್ನು ತಿಳಿದುಕೊಳ್ಳುವುದು ಯಾವ ಪ್ರಮಾಣದಿಂದ, ಅಂದರೆ ಅರಿವಿನ ಯಾವ ದಾರಿಯಿಂದ? ಗುರು ಹೇಳಿದ್ದರಿಂದಲೋ, ತಾನೇ ಯೋಚಿಸಿದ್ದರಿಂದಲೋ? ಎರಡನೆಯದು ಸಾಧ್ಯವಿರುವಲ್ಲಿ ಮೊದಲನೆಯದನ್ನೇ ಹೇರುವ ಹಕ್ಕು ಗುರುವಿಗೆ ಇದೆಯೇ?

ಮೊದಲು ತೊಡಕನ್ನು ಹತ್ತಿರದಿಂದ ನೋಡಬೇಕು. ಆರೇಳು ವರ್ಷದ ಮಗುವಿಗೆ ಉಕ್ತಲೇಖನ ಕೊಡುವ ಶಿಕ್ಷಕಿ ‘ತ್ರೇಸಷ್ಟ’ ಎನ್ನುತ್ತಾಳೆ. ಕಿವಿಗೆ ಮೊದಲು ಬೀಳುವುದು ಮೂರರ ಸದ್ದು. ಕೈ ಮೂರನ್ನೇ ಮೊದಲು ಬರೆಯುತ್ತದೆ, ಹಿಂದಿನಿಂದ ಬರುವ ಆರು ಅದರ ಬಲಕ್ಕೆ ಕೂರುತ್ತದೆ, ಸ್ಲೇಟಿನ ಮೇಲೆ 36 ಆಗುತ್ತದೆ. ಸದ್ದಿನ ಕಷ್ಟ ಇಷ್ಟಕ್ಕೇ ಮುಗಿಯುವುದಿಲ್ಲ. ಮರಾಠಿಯ ‘ತೀನ್’ ಇಪ್ಪತ್ತಮೂರರಲ್ಲಿ ‘ತೇ’ ಆಗುತ್ತದೆ, ಐವತ್ತಮೂರು ಅರವತ್ತಮೂರುಗಳಲ್ಲಿ ‘ತ್ರೇ’ ಆಗುತ್ತದೆ, ತೊಂಬತ್ತಮೂರಕ್ಕೆ ಬರುವಷ್ಟರಲ್ಲಿ ‘ತ್ರ್ಯಾ’. ಎಪ್ಪತ್ತರ ‘ಸತ್ತರ್’ ಎಪ್ಪತ್ತೆರಡಕ್ಕೆ ‘ಬಾಹತ್ತರ್’ ಎಂದು ವೇಷ ಬದಲಿಸುತ್ತದೆ. ಐವತ್ತೊಂಬತ್ತು ‘ಏಕೋಣಸಾಠ್’, ಅಂದರೆ ಒಂದು ಕಡಿಮೆ ಅರವತ್ತು. ಕಿವಿ ಅರವತ್ತನ್ನು ಕೇಳುತ್ತಿರುವಾಗ ಕೈ ಐದನ್ನು ಬರೆಯಬೇಕು. ನೂರ ಇಪ್ಪತ್ತಮೂರು ‘ಏಕಶೇ ತೇವೀಸ್’: ಮೊದಲು ನೂರು, ನಂತರ ಬಿಡಿ, ಕೊನೆಗೆ ಹತ್ತು. ಎಡದಿಂದ ಬಲಕ್ಕೂ ಇಲ್ಲ, ಬಲದಿಂದ ಎಡಕ್ಕೂ ಇಲ್ಲ, ನಡುವೆ ಹಾರಿ ಹಿಂದಕ್ಕೆ ಬರುವ ನಡಿಗೆ. ಇದಕ್ಕೆ ಮೇಲಾಗಿ ಜೋಡಾಕ್ಷರಗಳು. ಓದಲು ಆಗಷ್ಟೇ ಕಲಿಯುತ್ತಿರುವ ಮಗು ಗಣಿತದ ಪುಟದಲ್ಲಿ ಲಿಪಿಯ ಅತಿ ಕಠಿಣ ಒತ್ತಕ್ಷರಗಳನ್ನು ಎದುರಿಸಬೇಕು. ಇದು ಮರಾಠಿಯೊಬ್ಬಳದೇ ಕಥೆಯಲ್ಲ; ಹಿಂದಿಯದೂ ಇದೇ ಪಾಡು, ಜರ್ಮನ್ ಭಾಷೆಯಲ್ಲೂ ಬಿಡಿ ಮೊದಲು, ಹತ್ತು ಆಮೇಲೆ. ಆಸ್ಟ್ರಿಯದ ಏಳು ವರ್ಷದ ಮಕ್ಕಳು ಕೇಳಿದ ಸಂಖ್ಯೆಯನ್ನು ಅಂಕಿಯಲ್ಲಿ ಬರೆಯುವಾಗ ಮಾಡುವ ತಪ್ಪುಗಳಲ್ಲಿ ಸುಮಾರು ಅರ್ಧದಷ್ಟು ಈ ಹಿಂದುಮುಂದಿನಿಂದಲೇ ಆಗುತ್ತವೆ ಎಂದು ಅಲ್ಲಿ ನಡೆದ ಅಧ್ಯಯನ ಕಂಡುಕೊಂಡಿದೆ. ಚೀನಾ ಮತ್ತು ಅಮೆರಿಕದ ಪುಟ್ಟ ಮಕ್ಕಳ ಎಣಿಕೆಯನ್ನು ಹೋಲಿಸಿದವರಿಗೆ ಹತ್ತರವರೆಗೆ ವ್ಯತ್ಯಾಸವೇ ಸಿಗಲಿಲ್ಲ. ಇಂಗ್ಲಿಷಿನ ಹೆಸರುಗಳು ಗೋಜಲಾಗುವ ಹನ್ನೊಂದರಿಂದಾಚೆಗೆ ಅಂತರ ತೆರೆದುಕೊಂಡಿತು. ಕನ್ನಡದ ಮಗುವಿಗೆ ‘ಅರವತ್ತು’ ಮತ್ತು ‘ಮೂರು’ ಗೊತ್ತಿದ್ದರೆ ಅರವತ್ತಮೂರು ತಾನಾಗಿಯೇ ಬಂದಂತೆ. ಹನ್ನೊಂದು, ಹನ್ನೆರಡರ ಬಳಿ ಸ್ವಲ್ಪ ಎಡವಬೇಕು, ‘ತೊಂಬತ್ತು’ ಒಂಬತ್ತರಿಂದ ನೇರವಾಗಿ ಹುಟ್ಟಿದಂತೆ ಕೇಳಿಸುವುದಿಲ್ಲ, ಉಳಿದದ್ದು ನೆಟ್ಟಗಿದೆ.

ಈಗ ಪ್ರಮಾಣದ ಮಾತಿಗೆ ಬರೋಣ. ಗೌತಮನ ನ್ಯಾಯದರ್ಶನ ನಾಲ್ಕು ಪ್ರಮಾಣಗಳನ್ನು ಒಪ್ಪುತ್ತದೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಅನುಮಾನವೆಂದರೆ ಯುಕ್ತಿಯಿಂದ ಊಹಿಸಿ ತಿಳಿಯುವುದು, ಶಬ್ದವೆಂದರೆ ನಂಬಲರ್ಹನಾದವನ ಮಾತು. ಬೌದ್ಧ ತಾರ್ಕಿಕರು ಪ್ರತ್ಯಕ್ಷ ಮತ್ತು ಅನುಮಾನ ಎರಡೇ ಸಾಕೆಂದರು. ಇಲ್ಲಿ ನಾನು ನೈಯಾಯಿಕರ ಪಕ್ಷ. ನಾವು ತಿಳಿದಿರುವುದರಲ್ಲಿ ಬಹುಪಾಲು ಯಾರೋ ಹೇಳಿದ್ದು. ನಮ್ಮ ಹುಟ್ಟಿದ ದಿನವನ್ನು ಕೂಡ ನಾವು ತಾಯಿಯ ಮಾತಿನಿಂದಲೇ ಬಲ್ಲೆವು. ಆದ್ದರಿಂದ ಶಿಕ್ಷಕನ ಮಾತನ್ನು ನಂಬುವುದು ಅಜ್ಞಾನವೇನಲ್ಲ. ಹೆಸರುಗಳ ವಿಷಯದಲ್ಲಂತೂ ನಂಬದೆ ಗತಿಯಿಲ್ಲ. ‘ಇಪ್ಪತ್ತು’ ಎಂಬ ಶಬ್ದವನ್ನು ಯಾವ ಮಗುವೂ ತರ್ಕದಿಂದ ಕಂಡುಹಿಡಿಯಲಾರದು. ಬಾಲಭಾರತಿಯ ಪುಸ್ತಕವನ್ನು ವಿರೋಧಿಸಿದವರ ಪರವಾಗಿ ಹೂಡಬಹುದಾದ ಅತಿ ಗಟ್ಟಿ ವಾದ ಇದೇ ಇರಬೇಕು: ಸಂಖ್ಯೆಯ ಹೆಸರು ಹೇಗಿದ್ದರೂ ಹೇಳಿಕೊಡಬೇಕಾದದ್ದು, ಹಾಗಿರುವಾಗ ಇಪ್ಪತ್ತು ಹೇಳಿಕೊಟ್ಟರೇನು, ತೊಂಬತ್ತೊಂಬತ್ತು ಹೇಳಿಕೊಟ್ಟರೇನು? ಇದಕ್ಕೆ ಉತ್ತರವೂ ನ್ಯಾಯಶಾಸ್ತ್ರದಲ್ಲೇ ಇದೆ. ಎರಡು ಕಲ್ಪನೆಗಳಲ್ಲಿ ಹಗುರವಾದದ್ದರಿಂದ ಕೆಲಸ ಆಗುವುದಾದರೆ ಭಾರವಾದದ್ದನ್ನು ಎತ್ತಿಕೊಳ್ಳಬಾರದು ಎಂಬ ಲಾಘವದ ನಿಯಮ ಅವರದು. ಸೂತ್ರದಲ್ಲಿ ಅರ್ಧ ಮಾತ್ರೆ ಉಳಿದರೂ ವೈಯಾಕರಣರಿಗೆ ಮಗ ಹುಟ್ಟಿದಷ್ಟು ಸಂತೋಷ ಎಂಬ ಮಾತು ಪಂಡಿತರಲ್ಲಿ ಪ್ರಸಿದ್ಧ. ಕನ್ನಡದ ಮಗು ನೂರರೊಳಗಿನ ಸಂಖ್ಯೆಗಳಿಗಾಗಿ ಸುಮಾರು ಇಪ್ಪತ್ತು ಹೆಸರುಗಳನ್ನು ಗುರುವಿನಿಂದ ಪಡೆದರೆ ಸಾಕು, ಉಳಿದವನ್ನು ತಾನೇ ಕಟ್ಟಿಕೊಳ್ಳುತ್ತದೆ. ಮರಾಠಿಯ ಮಗು ಹೆಚ್ಚುಕಡಿಮೆ ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಪಡೆಯಬೇಕು. ಈ ವ್ಯತ್ಯಾಸ ಶ್ರಮದ ಲೆಕ್ಕಕ್ಕಿಂತ ದೊಡ್ಡದು. ಇಪ್ಪತ್ತೊಂದು, ಇಪ್ಪತ್ತೆರಡು ಆದಮೇಲೆ ಮುಂದಿನದು ಏನಿರಬೇಕೆಂದು ಮಗು ಊಹಿಸಿ, ಊಹೆ ಸರಿಹೋದಾಗ, ಸಂಖ್ಯೆಗಳ ಲೋಕದಲ್ಲಿ ಯಾರನ್ನೂ ಕೇಳದೆ ಸತ್ಯವನ್ನು ತಲುಪಬಹುದು ಎಂದು ಅದಕ್ಕೆ ಮೊದಲ ಸಲ ಗೊತ್ತಾಗುತ್ತದೆ. ಪ್ರತಿ ಹೆಜ್ಜೆಗೂ ದೊಡ್ಡವರ ಬಾಯಿ ನೋಡಬೇಕಾದ ಮಗುವಿಗೆ ಗೊತ್ತಾಗುವುದು ಬೇರೆಯೇ: ಗಣಿತವೆಂದರೆ ಬೇರೆಯವರಿಗೆ ಗೊತ್ತಿರುವ, ತಾನು ಬಾಯಿಪಾಠ ಮಾಡಬೇಕಾದ ಒಂದು ಪಟ್ಟಿ.

ರೂಢಿಯ ಶಬ್ದಕ್ಕೆ ಒಂದು ಪಾವಿತ್ರ್ಯವಿದೆ, ಅದನ್ನು ಮುಟ್ಟಬಾರದು ಎನ್ನುವವರಿಗೆ ದರ್ಶನಗಳಲ್ಲಿ ಆಸರೆ ಸಿಗುವುದಾದರೆ ಅದು ಮೀಮಾಂಸೆಯಲ್ಲಿ. ಶಬ್ದಕ್ಕೂ ಅರ್ಥಕ್ಕೂ ಇರುವ ನಂಟು ಹುಟ್ಟಿನಿಂದ ಬಂದದ್ದು, ಯಾವ ಮನುಷ್ಯನೂ ಮಾಡಿದ್ದಲ್ಲ ಎಂದು ಜೈಮಿನಿಯ ಪಂಥ ಸಾಧಿಸುತ್ತದೆ. ನೈಯಾಯಿಕರು ಅದು ಸಂಕೇತ, ಒಪ್ಪಂದ ಎನ್ನುತ್ತಾರೆ. ಮೀಮಾಂಸಕರ ಮಾತನ್ನು ಒಪ್ಪಿದರೂ ‘ಏಕವೀಸ್’ಗೆ ರಕ್ಷಣೆ ದೊರೆಯುವುದಿಲ್ಲ. ಅವರು ಆ ಗೌರವವನ್ನು ಕೊಟ್ಟದ್ದು ಸಂಸ್ಕೃತದ ಸಾಧುಶಬ್ದಕ್ಕೆ. ಹಸುವಿಗೆ ಜನ ಆಡುಮಾತಿನಲ್ಲಿ ಬಳಸುವ ಗಾವೀ, ಗೋಣೀಗಳನ್ನು ಅವರು ಅಪಭ್ರಂಶ ಎಂದು ಹೊರಗಿಟ್ಟರು. ‘ಏಕವಿಂಶತಿ’ ಸಾವಿರಾರು ನಾಲಗೆಗಳ ಮೇಲೆ ಸವೆದು ‘ಏಕವೀಸ್’ ಆಗಿದೆ; ಆ ಪಂಥದ ಕುಮಾರಿಲ ಭಟ್ಟ ಇದನ್ನು ಕೇಳಿದ್ದರೆ ಪ್ರಾಕೃತರ ತಪ್ಪು ಉಚ್ಚಾರಣೆ ಎಂದೇ ಅನ್ನುತ್ತಿದ್ದ. ನನಗೆ ಆ ಸವೆತದ ಬಗ್ಗೆ ಪ್ರೀತಿಯಿದೆ, ಭಾಷೆ ಬದುಕಿರುವುದೇ ಹಾಗೆ. ಸವೆದು ಬಂದದ್ದನ್ನು ಸನಾತನವೆಂದು ಮಾತ್ರ ಕರೆಯಲಾಗದು. ಇನ್ನೊಂದು ಆಕ್ಷೇಪ ಇದಕ್ಕಿಂತ ಸೂಕ್ಷ್ಮವಾದದ್ದು. ಬಿಡಿಯಿಂದ ಶುರುಮಾಡುವುದು ಭಾರತೀಯ ಗಣಿತದ ಕ್ರಮವೇ ಅಲ್ಲವೇ, ಅಂಕಗಳು ಎಡಕ್ಕೆ ಸಾಗುತ್ತವೆ ಎಂಬ ಹಳೆಯ ನಿಯಮವೇ ಇದೆಯಲ್ಲ ಎಂದು ಕೇಳಬಹುದು. ಇದೆ, ನಿಜ. ಅಂಕಿಗಳನ್ನು ಪದಗಳಿಂದ ಸೂಚಿಸುವ ಭೂತಸಂಖ್ಯೆಯಲ್ಲೂ ಅಕ್ಷರಗಳಿಂದ ಸೂಚಿಸುವ ಕಟಪಯಾದಿಯಲ್ಲೂ ಬಿಡಿಸ್ಥಾನ ಮೊದಲು, ಆಮೇಲೆ ಹತ್ತು, ಆಮೇಲೆ ನೂರು. ಕೂಡುವಾಗಲೂ ನಾವು ಬಿಡಿಯಿಂದಲೇ ಹೊರಡುತ್ತೇವೆ. ಆದರೆ ಆ ಪದ್ಧತಿಯ ಸೊಗಸು ಅದರ ಏಕರೂಪದಲ್ಲಿತ್ತು: ಒಮ್ಮೆ ಎಡಕ್ಕೆ ಹೊರಟರೆ ಕೊನೆಯವರೆಗೂ ಎಡಕ್ಕೆ. ‘ಏಕಶೇ ತೇವೀಸ್’ನಲ್ಲಿ ಆ ಏಕರೂಪ ಮುರಿದಿದೆ. ಹಳೆಯ ನಿಯಮವನ್ನು ಗೌರವಿಸುವವರು ಈ ಮುರಿದ ರೂಪವನ್ನು ಸಮರ್ಥಿಸಲು ಅದನ್ನೇ ಸಾಕ್ಷಿಗೆ ಕರೆಯುವುದು ಸರಿಯಾಗದು.

ಪರಂಪರೆ ಎಂದಾಗ ನಮ್ಮ ಗಣಿತದ ಪರಂಪರೆ ಯಾವುದಕ್ಕೆ ಬೆಲೆ ಕೊಟ್ಟಿತು ಎಂದು ಕೇಳಿಕೊಳ್ಳುವುದು ನ್ಯಾಯ. ವಿಜಯಪುರದವನೆಂದು ನಾವೂ, ಜಳಗಾಂವ್ ಜಿಲ್ಲೆಯ ಪಾಟಣದ ಕಡೆಯವನೆಂದು ಮರಾಠಿಗರೂ ಹೇಳಿಕೊಳ್ಳುವ ಭಾಸ್ಕರಾಚಾರ್ಯ, ಉಪಪತ್ತಿ ಗೊತ್ತಿಲ್ಲದ ಗಣಿತಜ್ಞನಿಗೆ ವಿದ್ವಾಂಸರ ಸಭೆಯಲ್ಲಿ ಮನ್ನಣೆ ಸಿಗದು ಎಂದು ಸ್ಪಷ್ಟವಾಗಿ ಹೇಳಿದ್ದಾನೆ. ಉಪಪತ್ತಿ ಎಂದರೆ ಫಲ ಹೇಗೆ ಬಂತೆಂದು ತೋರಿಸಿಕೊಡುವ ಯುಕ್ತಿ. ಕೊಂಕಣದ ನಂದಿಗ್ರಾಮದ ಗಣೇಶ ದೈವಜ್ಞ 1545ರಲ್ಲಿ ಭಾಸ್ಕರನ ಲೀಲಾವತಿಗೆ ಬರೆದ ಬುದ್ಧಿವಿಲಾಸಿನಿ ವ್ಯಾಖ್ಯಾನ ಇಂಥ ಉಪಪತ್ತಿಗಳಿಂದ ತುಂಬಿದೆ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಕೇರಳದ ಜ್ಯೇಷ್ಠದೇವ ಯುಕ್ತಿಭಾಷೆಯನ್ನು ಸಂಸ್ಕೃತ ಬಿಟ್ಟು ಮಲಯಾಳದಲ್ಲಿ ಬರೆದ. ಅದರ ಹೆಸರಿನಲ್ಲೇ ಯುಕ್ತಿ ಇದೆ, ಅನಂತ ಶ್ರೇಣಿಗಳನ್ನು ಹಂತಹಂತವಾಗಿ ಕಟ್ಟಿ ತೋರಿಸುವ ಗ್ರಂಥ ಅದು. ಸೂತ್ರವನ್ನು ಶ್ಲೋಕದಲ್ಲಿ ಕಟ್ಟಿ ಕಂಠಸ್ಥ ಮಾಡಿಸಿದ್ದು ನಿಜ. ಶ್ಲೋಕ ನೆನಪಿಗಾಗಿ, ಉಪಪತ್ತಿ ಅರಿವಿಗಾಗಿ ಎಂಬ ವಿವೇಕ ಆ ಆಚಾರ್ಯರಿಗಿತ್ತು. ಶಾಲೆಗೆ ಇಳಿದು ಬರುವಾಗ ಶ್ಲೋಕ ಉಳಿಯಿತು, ಉಪಪತ್ತಿ ಕಳಚಿಬಿತ್ತು. ಇದನ್ನು ಪರಂಪರೆ ಎಂದು ಕರೆದರೆ ಭಾಸ್ಕರನಿಗೆ ಅನ್ಯಾಯ. ಅಧ್ಯಾತ್ಮದ ಕ್ಷೇತ್ರದಲ್ಲೂ ಗುರುವಿನ ಮಾತನ್ನು ಹಾಗೇ ನುಂಗಿಬಿಡು ಎಂದು ನಮ್ಮವರು ಹೇಳಿದ್ದು ಕಡಿಮೆ. ತೈತ್ತಿರೀಯ ಉಪನಿಷತ್ತಿನಲ್ಲಿ ಭೃಗು ತಂದೆ ವರುಣನ ಬಳಿ ಹೋಗಿ ಬ್ರಹ್ಮವೇನೆಂದು ಕೇಳುತ್ತಾನೆ. ವರುಣ ಗುರುತಿನ ಲಕ್ಷಣವೊಂದನ್ನು ಹೇಳಿ, ತಪಸ್ಸು ಮಾಡಿ ತಿಳಿದುಕೋ ಎಂದು ಕಳಿಸುತ್ತಾನೆ. ಮಗ ಅನ್ನವೆಂದು ಬಂದ, ಪ್ರಾಣವೆಂದು ಬಂದ, ಮನಸ್ಸೆಂದು, ವಿಜ್ಞಾನವೆಂದು ಬಂದ. ಪ್ರತಿ ಸಲವೂ ತಂದೆ ತಪ್ಪು ಎಂದು ಗದರಲಿಲ್ಲ, ಸರಿಯುತ್ತರವನ್ನು ಬಾಯಿಗೆ ತುರುಕಲೂ ಇಲ್ಲ, ಮತ್ತೆ ಕಳಿಸಿದ. ಐದನೆಯ ಸಲ ಮಗನೇ ಆನಂದವನ್ನು ಕಂಡುಕೊಂಡ. ಬ್ರಹ್ಮವಿದ್ಯೆಯನ್ನೇ ಹೀಗೆ ಕಲಿಸಬಹುದಾದರೆ ಅರವತ್ತಮೂರನ್ನು ಕಲಿಸಲು ಅದಕ್ಕಿಂತ ಹೆಚ್ಚಿನ ಅಧಿಕಾರ ನಮಗೇಕೆ ಬೇಕು? ಶ್ರುತಿಯ ಪ್ರಾಮಾಣ್ಯವನ್ನು ಎತ್ತಿಹಿಡಿದ ಶಂಕರರು ಕೂಡ ಗೀತಾಭಾಷ್ಯದಲ್ಲಿ ಅದಕ್ಕೊಂದು ಎಲ್ಲೆ ಹಾಕಿದ್ದಾರೆ: ಬೇರೆ ಪ್ರಮಾಣದಿಂದ ತಿಳಿಯಲಾಗದ ವಿಷಯದಲ್ಲಿ ಅದು ಪ್ರಮಾಣ; ಬೆಂಕಿಯ ಬಿಸಿಯನ್ನು ಅಲ್ಲಗಳೆಯುವ ವಾಕ್ಯ ಎಷ್ಟು ಸಲ ಬಂದರೂ ನಿಲ್ಲದು ಎಂಬುದು ಅವರ ವಾದದ ಸಾರ. ಶ್ರುತಿಗೇ ಎಲ್ಲೆ ಇರುವಾಗ ಮಗ್ಗಿಪುಸ್ತಕ ಎಲ್ಲೆಯಿಲ್ಲದ ಅಧಿಕಾರ ಚಲಾಯಿಸುವುದು ಹೇಗೆ ಒಪ್ಪಿತ?

ಕಂಠಪಾಠದ ಪರವಾಗಿ ಆಡುವ ಮಾತಿಗೆ ಪುಣೆಯಲ್ಲಿ ವಿಶೇಷ ತೂಕವಿದೆ. ವೇದವನ್ನು ಕ್ರಮ, ಜಟಾ, ಘನಗಳಲ್ಲಿ ಮುಂದು ಹಿಂದು ಹೆಣೆದು ಒಂದು ಸ್ವರವೂ ಜಾರದಂತೆ ಕಾಪಾಡಿಕೊಂಡು ಬಂದ ವೈದಿಕರ ಊರು ಅದು. ಪೇಶ್ವೆಗಳ ಕಾಲದಲ್ಲಿ ಅವರ ವಿದ್ಯೆಗೆ ದಕ್ಷಿಣೆ ಸಲ್ಲುತ್ತಿತ್ತು, 1821ರಲ್ಲಿ ಆ ದಕ್ಷಿಣೆಯ ಹಣದಿಂದಲೇ ಸಂಸ್ಕೃತ ಪಾಠಶಾಲೆ ತೆರೆಯಿತು. ಅರ್ಥದ ಗೊಡವೆಯಿಲ್ಲದೆ ಕಲಿತದ್ದರಿಂದ ಏನು ಕಳೆದುಹೋಯಿತು, ಉಳಿದಿರುವುದೇ ಅದರಿಂದಲ್ಲವೇ ಎಂದು ಕೇಳಿದರೆ ತಲೆಬಾಗಲೇಬೇಕು. ಆದರೂ ಎರಡು ಮಾತು. ವೇದದಲ್ಲಿ ಕಾಪಾಡಬೇಕಾದ ವಸ್ತು ನಾದವೇ. ನಾದ ಹೋದರೆ ಎಲ್ಲವೂ ಹೋಯಿತು, ಆದ್ದರಿಂದ ಅಲ್ಲಿ ಬಾಯಿಪಾಠ ಸಾಧನವೂ ಹೌದು, ಸಾಧ್ಯವೂ ಹೌದು. ಸಂಖ್ಯೆಯ ಹೆಸರನ್ನು ಮರೆತರೂ ಸಂಖ್ಯೆ ಎಲ್ಲಿಗೂ ಹೋಗದು. ಎರಡನೆಯದಾಗಿ, ವೇದಪಾಠಿಗಳಿಗೇ ಆ ಎಚ್ಚರ ಇತ್ತು. ವೇದವನ್ನು ಓದಿಯೂ ಅರ್ಥ ಅರಿಯದವನನ್ನು ಭಾರ ಹೊತ್ತು ನಿಂತ ಮೋಟುಕಂಬಕ್ಕೆ ಹೋಲಿಸುವ ಹಳೆಯ ಮಾತನ್ನು ಯಾಸ್ಕ ನಿರುಕ್ತದ ಆರಂಭದಲ್ಲೇ ಎತ್ತಿಕೊಂಡಿದ್ದಾನೆ. ಇಷ್ಟು ಹೇಳಿದ ಮಾತ್ರಕ್ಕೆ ಮಗ್ಗಿ ಬೇಡವೆಂಬುದು ನನ್ನ ಮಾತಿನ ಅರ್ಥವಲ್ಲ. ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳು, ಮರಾಠಿಯ ಪಾವಕೀ, ನಿಮಕೀ, ಪಾಊಣಕೀಗಳು ನಮ್ಮ ಹಿರಿಯರ ಅಂಗಡಿ ಲೆಕ್ಕವನ್ನು ಕಾಗದವಿಲ್ಲದೆ ನಡೆಸಿದ ಅದ್ಭುತ ಉಪಕರಣಗಳು. ಏಳೆಂಟಲೆ ಐವತ್ತಾರು ಎಂದು ಥಟ್ಟನೆ ಬರದವನಿಗೆ ಭಾಗಾಕಾರದ ನಡುವೆ ಉಸಿರು ಕಟ್ಟುತ್ತದೆ. ಏಳು ಎಂಟುಗಳ ಗುಂಪನ್ನು ಹುಣಸೆಬೀಜದಲ್ಲಿ ಕಟ್ಟಿ ಎಣಿಸಿ ನೋಡಿದ ಮೇಲೆ ಬಾಯಿಪಾಠ ಮಾಡಿದರೆ ಮರೆತಾಗ ಮತ್ತೆ ಕಟ್ಟಿಕೊಳ್ಳಬಹುದು. ಕಟ್ಟದೆ ಮಾಡಿದ ಪಾಠ ಮರೆತರೆ ಗುರುವಿನ ಮುಖ ನೋಡಬೇಕು. ಶ್ರವಣದ ನಂತರ ಮನನ, ಮನನದ ನಂತರ ನಿದಿಧ್ಯಾಸನ ಎಂದು ಯಾಜ್ಞವಲ್ಕ್ಯ ಮೈತ್ರೇಯಿಗೆ ಹೇಳಿದ ಕ್ರಮದಲ್ಲಿ ಮನನವನ್ನು ಹಾರಿಸಿ ಮುಂದೆ ಹೋಗಲು ಅನುಮತಿಯಿಲ್ಲ.

ಕಷ್ಟಪಟ್ಟು ಕಲಿತರೇ ಬುದ್ಧಿ ಬಲಿಯುತ್ತದೆ, ಎಲ್ಲವನ್ನೂ ಸುಲಭ ಮಾಡಿದರೆ ಮಕ್ಕಳು ಜಡರಾಗುತ್ತಾರೆ ಎಂಬ ಮಾತಿಗೆ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ. ಸೊನ್ನೆ, ಸ್ಥಾನಬೆಲೆ, ದಶಕ ತೆಗೆದುಕೊಳ್ಳುವ ಕಳೆಯುವ ಲೆಕ್ಕ, ಭಿನ್ನರಾಶಿ: ಗಣಿತದ ಒಳಗೇ ಬೇಕಾದಷ್ಟು ಕಷ್ಟವಿದೆ. ಆ ಕಷ್ಟದ ಜೊತೆ ಕುಸ್ತಿ ಮಾಡಬೇಕಾದ ಮಗುವಿನ ಶಕ್ತಿಯನ್ನು ಹೊರಬಾಗಿಲಲ್ಲೇ ಕಸಿದುಕೊಳ್ಳುವುದು ಬಲಪಡಿಸುವ ರೀತಿಯಲ್ಲ. ಯಾರ ಶಕ್ತಿ ಹೆಚ್ಚು ಖರ್ಚಾಗುತ್ತದೆ ಎಂಬುದನ್ನೂ ನೋಡಬೇಕು. ಮನೆಯಲ್ಲಿ ಓದುಬಲ್ಲ ತಂದೆ ತಾಯಿಯಿರುವ ಮಗು ತೊಂಬತ್ತೊಂಬತ್ತು ಹೆಸರನ್ನೂ ಊಟದ ಹೊತ್ತಿಗೆ, ಆಟದ ಹೊತ್ತಿಗೆ ಕೇಳಿ ಕೇಳಿ ಹೀರಿಕೊಳ್ಳುತ್ತದೆ. ಅಂಥ ಮನೆಯಿಲ್ಲದ ಮಗುವಿಗೆ ಶಾಲೆಯ ಗಂಟೆಯಷ್ಟೇ ಇರುವುದು. 1848ರಲ್ಲಿ ಇದೇ ಪುಣೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಜೋತಿಬಾ ಫುಲೆ, 1882ರಲ್ಲಿ ಹಂಟರ್ ಆಯೋಗಕ್ಕೆ ಕೊಟ್ಟ ಮನವಿಯಲ್ಲಿ ರೈತರ ಮಕ್ಕಳಿಗೆ ಮೋಡಿ, ಬಾಳಬೋಧ ಅಕ್ಷರಗಳ ಜೊತೆ ಲೆಕ್ಕವನ್ನೂ ಕಲಿಸಬೇಕೆಂದು ಕೇಳಿದ್ದು ನೆನಪಿಡಬೇಕಾದದ್ದು. ಲೆಕ್ಕ ಬರದವನನ್ನು ಸಾಹುಕಾರನೂ ಕುಲಕರ್ಣಿಯೂ ಹೇಗೆ ಸುಲಿಯುತ್ತಾರೆ ಎಂದು ಫುಲೆ ಕಂಡಿದ್ದರು. ಕಲಿಕೆಯ ಬಾಗಿಲನ್ನು ಅಗಲ ಮಾಡುವುದು ಅವರಿಗೆ ಧರ್ಮದ ಪ್ರಶ್ನೆಯಾಗಿತ್ತು, ಇಂದಿಗೂ ಅದು ಹಾಗೆಯೇ ಇದೆ.

ನನ್ನ ವಾದಕ್ಕೆ ನಿಜವಾಗಿ ಇರಿಯುವ ಆಕ್ಷೇಪ ಇನ್ನೊಂದಿದೆ. ಪುಣೆಯ ಒಂದು ಬದಿಗೆ ಜ್ಞಾನೇಶ್ವರನ ಆಳಂದಿ, ಇನ್ನೊಂದೆಡೆ ತುಕಾರಾಮನ ದೇಹೂ. ಜ್ಞಾನೇಶ್ವರ ಗೀತೆಯ ಅರ್ಥವನ್ನು 1290ರಲ್ಲಿ ಮರಾಠಿಗೆ ತಂದ, ತುಕಾರಾಮ ಅದೇ ಜನರ ನುಡಿಯಲ್ಲಿ ಹಾಡಿದ. ಅದಕ್ಕೂ ಮೊದಲು ನಮ್ಮ ಶರಣರು ಕನ್ನಡದಲ್ಲಿ ಅದೇ ಕೆಲಸ ಮಾಡಿದ್ದರು. ಇವರೆಲ್ಲ ಜನ ಆಡುವ ಮಾತಿನ ಕಡೆಗೆ ನಡೆದವರು. ‘ಏಕವೀಸ್’ ಜನ ಆಡುವ ಮಾತು; ‘ವೀಸ್ ಏಕ್’ ಎನ್ನುವವರು ಪುಣೆಯ ಮಂಡಈ ಮಾರುಕಟ್ಟೆಯ ತರಕಾರಿ ಸಾಲಿನಲ್ಲಿ ಒಬ್ಬರೂ ಸಿಗಲಿಕ್ಕಿಲ್ಲ. ಹಾಗಾದರೆ ಸಂತರ ದಾರಿಯಲ್ಲಿರುವವರು ಯಾರು, ಪುಸ್ತಕವೋ ಅದರ ವಿರೋಧಿಗಳೋ? ಈ ಪ್ರಶ್ನೆಯ ಮುಂದೆ ನಾನು ಒಂದಿಷ್ಟು ಬಿಟ್ಟುಕೊಡಬೇಕು. ಅಜ್ಜಿಯ ಬಾಯಲ್ಲಿ, ಬಸ್ಸಿನ ಟಿಕೆಟಿನಲ್ಲಿ, ಸಂತೆಯ ಚೌಕಾಶಿಯಲ್ಲಿ ಬದುಕಿರುವ ಹೆಸರನ್ನು ಶಾಲೆ ಅಳಿಸಲು ಹೊರಟರೆ ಮಗು ತನ್ನ ಮನೆಗೇ ಪರಕೀಯವಾಗುತ್ತದೆ. ನಾರ್ವೆ 1951ರಲ್ಲಿ ಸಂಸತ್ತಿನ ನಿರ್ಣಯದಿಂದಲೇ ಸಂಖ್ಯೆ ಹೇಳುವ ಕ್ರಮವನ್ನು ತಿರುಗಿಸಿತು. ಟೆಲಿಫೋನ್ ನಂಬರುಗಳನ್ನು ಕೇಳಿ ಬರೆದುಕೊಳ್ಳುವಾಗ ಆಗುತ್ತಿದ್ದ ಗೊಂದಲ ಅದಕ್ಕೆ ಒಂದು ಕಾರಣ. ಶಾಲೆಗಳು ಬದಲಾದವು, ಆದರೂ ಹಳೆಯ ಕ್ರಮ ಜನರ ಮಾತಿನಲ್ಲಿ ಹಲವು ದಶಕ ಉಳಿದೇ ಇತ್ತು. ವೇಲ್ಸ್‌ನ ಶಾಲೆಗಳಲ್ಲಿ ಗಣಿತಕ್ಕೆ ಹತ್ತರ ಲೆಕ್ಕದ ಸರಳ ಹೆಸರುಗಳು, ವಯಸ್ಸು ಗಂಟೆ ತಾರೀಖು ಹೇಳಲು ಇಪ್ಪತ್ತರ ಲೆಕ್ಕದ ಹಳೆಯ ಹೆಸರುಗಳು, ಎರಡೂ ಜೊತೆಜೊತೆಗೆ ಬಾಳುತ್ತಿವೆ. ನನಗೆ ವೇಲ್ಸ್‌ನವರ ದಾರಿಯೇ ಸರಿಯೆನ್ನಿಸುತ್ತದೆ. ಮನೆ ಕಟ್ಟುವಾಗ ಹಾಕುವ ಸಾರುವೆಯ ಹಾಗೆ ‘ಸಾಠ್ ತೀನ್’ ಮಗುವಿನ ಅರಿವು ಏರುವತನಕ ನಿಲ್ಲಲಿ, ‘ತ್ರೇಸಷ್ಟ’ ಮರಾಠಿಯಾಗಿ ಉಳಿಯಲಿ. ಎರಡನ್ನೂ ಕಲಿಯುವುದು ಹೊರೆಯಲ್ಲವೇ ಎಂದರೆ, ಅರ್ಥವಾದ ಸಂಖ್ಯೆಗೆ ಇನ್ನೊಂದು ಹೆಸರು ಕಲಿಯುವುದು ಅರ್ಥವಾಗದ ಸಂಖ್ಯೆಗೆ ಒಂದೇ ಹೆಸರು ಕಲಿಯುವುದಕ್ಕಿಂತ ಹಗುರ. ಗಡಿನಾಡಿನ ಮಕ್ಕಳು ಎರಡು ಭಾಷೆಯಲ್ಲಿ ಎಣಿಸುತ್ತ ಇದನ್ನು ನಿತ್ಯ ತೋರಿಸಿಕೊಡುತ್ತಿದ್ದಾರೆ.

ಗಡಿನಾಡಿನ ಮಾತು ಬಂದಾಗ ಕನ್ನಡದ ಓದುಗ ಕೇಳಬಹುದಾದ, ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಬಾಲಭಾರತಿ ಕನ್ನಡದಲ್ಲೂ ಪುಸ್ತಕ ಅಚ್ಚು ಹಾಕುತ್ತದೆ. ಸಾಂಗ್ಲಿ ಜಿಲ್ಲೆಯ ಜತ್ತ, ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆಯ ಕನ್ನಡ ಶಾಲೆಗಳ ಮಕ್ಕಳು ಪುಣೆಯಲ್ಲಿ ತಯಾರಾದ ಗಣಿತವನ್ನೇ ಓದುತ್ತಾರೆ. ಅವರಿಗೆ ಅರವತ್ತಮೂರು ಮೊದಲಿನಿಂದಲೂ ಅರವತ್ತಮೂರೇ. ಹೆಸರು ನೆಟ್ಟಗಿದ್ದರೆ ಗಣಿತವೂ ನೆಟ್ಟಗಾಗುವುದಾದರೆ ಕನ್ನಡದ ಮಕ್ಕಳೆಲ್ಲ ಲೆಕ್ಕದಲ್ಲಿ ಮುಂದಿರಬೇಕಿತ್ತಲ್ಲ? ಹಾಗಿಲ್ಲ ಎಂಬುದು ನಮ್ಮ ಯಾವ ಶಾಲೆಗೆ ಹೋದರೂ ತಿಳಿಯುತ್ತದೆ. ಒಂದರಿಂದ ನೂರರವರೆಗೆ ರಾಗವಾಗಿ ಹೇಳುವ ಮಗುವನ್ನು ನಡುವೆ ತಡೆದು ನಲವತ್ತೇಳರ ಹಿಂದಿನದು ಯಾವುದು ಎಂದರೆ ಅದು ಮತ್ತೆ ಒಂದರಿಂದ ಶುರುಮಾಡುತ್ತದೆ. ‘ನೂರಾ ಐದು’ ಬರೆ ಎಂದರೆ 1005 ಬರೆಯುವ ಮಕ್ಕಳು ಪ್ರತಿ ತರಗತಿಯಲ್ಲೂ ಇದ್ದಾರೆ. ಈ ತಪ್ಪನ್ನು ಗಮನವಿಟ್ಟು ನೋಡಿ: ಮಗು ಕೇಳಿದ್ದನ್ನು ಪ್ರಾಮಾಣಿಕವಾಗಿ ಬರೆದಿದೆ. ನೂರು ಕೇಳಿಸಿತು, 100 ಬರೆಯಿತು. ಐದು ಕೇಳಿಸಿತು, 5 ಬರೆಯಿತು. ಹತ್ತರ ಮನೆ ಖಾಲಿಯಿದೆ ಎಂದು ಹೆಸರು ಎಲ್ಲೂ ಹೇಳುವುದಿಲ್ಲ, ಸೊನ್ನೆಗೆ ಮಾತಿನಲ್ಲಿ ಜಾಗವಿಲ್ಲ. ಸ್ಥಾನಬೆಲೆ ಯಾವ ಭಾಷೆಯ ಸಂಖ್ಯಾನಾಮದಲ್ಲೂ ಪೂರ್ತಿ ಕೂತಿಲ್ಲ. ಹತ್ತು ಕಡ್ಡಿಗಳನ್ನು ದಾರದಿಂದ ಕಟ್ಟಿ, ಹತ್ತು ಕಟ್ಟುಗಳನ್ನು ಸೇರಿಸಿ ದೊಡ್ಡ ಕಟ್ಟು ಮಾಡಿ, ನಡುವಿನ ಮನೆಯಲ್ಲಿ ಏನೂ ಇಲ್ಲದಿರುವುದನ್ನು ಕಣ್ಣಾರೆ ಕಂಡ ಮಗುವಿಗೆ ಮಾತ್ರ ಅದು ಹೊಳೆಯುತ್ತದೆ. ಅಲ್ಲಿ ಪ್ರತ್ಯಕ್ಷವೂ ಅನುಮಾನವೂ ಬೇಕು. ಶಬ್ದಪ್ರಮಾಣ, ಅದು ಎಷ್ಟೇ ಪಾರದರ್ಶಕವಾಗಿರಲಿ, ಅಲ್ಲಿಗೆ ಮುಟ್ಟುವುದಿಲ್ಲ. ಹೀಗಾಗಿ ಈ ಆಕ್ಷೇಪ ನನ್ನ ವಾದವನ್ನು ಬೀಳಿಸುವ ಬದಲು ಅದನ್ನು ಇನ್ನಷ್ಟು ಆಳಕ್ಕೆ ಒಯ್ಯುತ್ತದೆ. ‘ಇಪ್ಪತ್ತೊಂದು’ ಎಂಬ ಹೆಸರು ಯುಕ್ತಿಯ ಬಾಗಿಲನ್ನು ತೆರೆದಿಟ್ಟಿದೆ. ಶಿಕ್ಷಕ ಮಗುವನ್ನು ಆ ಬಾಗಿಲ ಮುಂದೆ ನಿಲ್ಲಿಸಿ ಅದೇ ಹೆಸರನ್ನು ಮಂತ್ರದಂತೆ ಹೇಳಿಸಿದರೆ ಇಪ್ಪತ್ತೊಂದೂ ‘ಏಕವೀಸ್’ನಷ್ಟೇ ಮುಚ್ಚಿದ ಶಬ್ದವಾಗುತ್ತದೆ. ಪುಣೆಯ ಪುಸ್ತಕ ತಂದ ಬದಲಾವಣೆ ಅರ್ಧ ದಾರಿಯದು. ನಾವು ಆ ಅರ್ಧ ದಾರಿಯನ್ನು ಭಾಷೆಯ ಕೃಪೆಯಿಂದ ಹುಟ್ಟುವಾಗಲೇ ಪಡೆದು ಅಲ್ಲೇ ಕೂತಿದ್ದೇವೆ. ನಾರ್ಳೀಕರ್ ಅವರು ಕನ್ನಡವನ್ನು ಮಾದರಿಯಾಗಿ ತೋರಿಸಿದರೆಂದು ಬೀಗುವ ಹಕ್ಕು ನಮ್ಮ ತರಗತಿಗಳಿಗೆ ಇನ್ನೂ ಬಂದಿಲ್ಲ.

ಹಾಗಿದ್ದರೆ ಶಿಕ್ಷಕರ ಮೇಲೆ ಬೀಳುವ ಹೊಣೆ ಯಾವುದು? ನನಗೆ ಕಾಣುವಂತೆ, ತಾನು ಹೇಳುವ ಪ್ರತಿ ಮಾತೂ ಯಾವ ಜಾತಿಯದು ಎಂದು ಮಕ್ಕಳ ಮುಂದೆ ಬಿಡಿಸಿ ಹೇಳುವುದು. ‘ಅರವತ್ತು’ ಎಂಬ ಹೆಸರು ಹಿರಿಯರು ಇಟ್ಟದ್ದು, ಅದಕ್ಕೆ ಕಾರಣ ಹುಡುಕಬೇಡ, ನನ್ನನ್ನು ನಂಬಿ ನೆನಪಿಟ್ಟುಕೋ. ಮೂರರ ಬಲಕ್ಕೆ ಸೊನ್ನೆ ಇಟ್ಟರೆ ಮೂವತ್ತಾಗುವುದು ಏಕೆ ಎಂದು ಮಾತ್ರ ನನ್ನನ್ನು ನಂಬಬೇಡ, ಕಡ್ಡಿ ಕಟ್ಟಿ ನೋಡು, ಸರಿಯೆನಿಸದಿದ್ದರೆ ನನ್ನ ಜೊತೆ ಜಗಳವಾಡು. ಇಂಥ ಮಾತು ಹೇಳಿದ ಶಿಕ್ಷಕಿಗೆ ಜಗಳ ಎದುರಾಗುವುದು ಖಂಡಿತ. ಎರಡನೆಯ ತರಗತಿಯ ಹುಡುಗಿಯೊಬ್ಬಳು ಹನ್ನೊಂದಕ್ಕೆ ‘ಹತ್ತೊಂದು’ ಎಂದು ಏಕೆ ಅನ್ನಬಾರದು ಎಂದು ಕೇಳಿದರೆ, ಅನ್ನಬಹುದಿತ್ತು, ಜನ ಹಾಗೆ ಅನ್ನಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಹುಡುಗಿಯ ಯುಕ್ತಿ ಸರಿಯಾಗಿದೆ, ರೂಢಿ ಬೇರೆಯಾಗಿದೆ ಎಂದು ಎರಡನ್ನೂ ಹೇಳಬೇಕು. ‘ಹತ್ತೊಂದು’ ಎಂದದ್ದಕ್ಕೆ ತಪ್ಪು ಗುರುತು ಹಾಕಿದರೆ ಸರಿಯಾಗಿ ಯೋಚಿಸಿದ್ದಕ್ಕೆ ಶಿಕ್ಷೆ ಕೊಟ್ಟಂತೆ. ಇಲ್ಲಿ ಶಿಕ್ಷಕಿ ಕಳೆದುಕೊಳ್ಳುವುದೂ ಇದೆ: ಪ್ರಶ್ನೆಗೆ ಸಿಗದ ಮಾತಿನ ಬಲ, ತರಗತಿಯ ನಿಶ್ಶಬ್ದ, ಪಾಠ ಬೇಗ ಮುಗಿಯುವ ಅನುಕೂಲ. ನಲವತ್ತು ಐವತ್ತು ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಜೂನ್‌ನಿಂದ ಮಾರ್ಚ್‌ವರೆಗೆ ಪಠ್ಯ ಮುಗಿಸಬೇಕಾದವಳಿಂದ ಇದನ್ನು ಕೇಳುವುದು ಸಣ್ಣ ಮಾತಲ್ಲ. ಆದ್ದರಿಂದ ಹೊಸ ಹೆಸರುಗಳ ಪುಸ್ತಕ ಕೊಟ್ಟು ಕೈತೊಳೆದುಕೊಂಡರೆ ಸಾಲದು, ಆಕೆಗೆ ಸಮಯವನ್ನೂ ಕೊಡಬೇಕು, ಆಕೆಯ ತರಬೇತಿಯಲ್ಲೂ ಸುತ್ತೋಲೆ ಓದಿ ಹೇಳುವುದನ್ನು ಬಿಟ್ಟು ಉಪಪತ್ತಿಗೆ ಜಾಗ ಮಾಡಬೇಕು. ಏಕೆಂದರೆ ಶಿಕ್ಷಕಿಯೂ ಕಳೆಯುವ ಲೆಕ್ಕದಲ್ಲಿ ದಶಕ ತೆಗೆದುಕೊಳ್ಳುವುದನ್ನು ಒಂದು ಕಾಲದಲ್ಲಿ ಗುರುವಾಕ್ಯವಾಗಿಯೇ ಕಲಿತವಳು. ಪಕ್ಕದ ಮನೆಯಿಂದ ಒಂದು ಸಾಲ ತಂದರೆ ಅದು ಇಲ್ಲಿ ಹತ್ತಾಗುವುದು ಹೇಗೆ ಎಂದು ಆಕೆಯನ್ನು ಯಾರೂ ಕೂರಿಸಿಕೊಂಡು ಕೇಳಿಲ್ಲ, ಕೇಳಲು ಅವಕಾಶವನ್ನೂ ಕೊಟ್ಟಿಲ್ಲ. ಜತ್ತದ ಶಾಲೆಯಾಗಲಿ, ಪುಣೆಯ ಶಾಲೆಯಾಗಲಿ, ಮಕ್ಕಳಿಗಿಂತ ಮೊದಲು ಆ ಕಡ್ಡಿಯ ಕಟ್ಟು ಆಕೆಯ ಕೈಗೆ ಬರಬೇಕು.